ಹೂಂಗುಟ್ಟದೆ ಹೋದ ಕಥೆ

ನಂಜನಗೂಡಿನಿಂದ ಚಾಮರಾಜನಗರಕ್ಕೆ 1926ರಲ್ಲಿ ಬಂದ ರೈಲುಹಾದಿಯಲ್ಲಿ, ಪ್ರಯಾಣಿಕರು ತಮ್ಮ ಗಂಟುಮೂಟೆಗಳನ್ನು ಎಣಿಸಿಕೊಳ್ಳಲು ತೊಡಗುವ ಹೊತ್ತಿಗೆ ಎದುರಾಗುವ ಬದನಗುಪ್ಪೆಯ ನಿಲ್ದಾಣವು, ಇಂದು ಊರ ಸುತ್ತ ಕೈಗಾರಿಕಾ ಪ್ರದೇಶವೆದ್ದು ಕಾರ್ಖಾನೆಗಳ ತಗಡಿನ ಛಾವಣಿಗಳು ಬಿಸಿಲಿಗೆ ಹೊಳೆಯುತ್ತಿರುವಾಗಲೂ, ಗಾಡಿಗಿಂತ ಗಾಳಿಯೇ ಹೆಚ್ಚು ಸಲ ಬಂದುಹೋಗುವ ಸ್ಥಳವೆಂದೇ ನನಗೆ ತೋರುತ್ತದೆ. ಅಲ್ಲಿ ಕಾಯುವವನಿಗೆ ಮಾತಲ್ಲದೆ ಬೇರೆ ಉದ್ಯೋಗವಿಲ್ಲ. ನನಗೆ ಇಪ್ಪತ್ತೆರಡು ವರ್ಷ ವಯಸ್ಸಾಗಿದ್ದಾಗ, ಮೈಸೂರಿನ ಕಡೆಗೆ ಹೋಗುವ ಗಾಡಿಗಾಗಿ ಕಾಯುತ್ತ, ಹೆಗಲ ಚೀಲದ ತುಂಬ ಸುವಾರ್ತೆಯ ಕರಪತ್ರಗಳನ್ನಿಟ್ಟುಕೊಂಡು ಆ ಕಲ್ಲುಬೆಂಚಿನ ಮೇಲೆ ನಾನು ಕುಳಿತಿದ್ದಾಗ, ಪಕ್ಕದಲ್ಲಿ ಬಂದು ಕುಳಿತವನು, ಮಂಟೇಸ್ವಾಮಿಯ ಕಥೆಯನ್ನು ಹಾಡುವ ಒಬ್ಬ ಮುದಿ ನೀಲಗಾರ. ಬಟ್ಟೆ ಸುತ್ತಿದ ತಂಬೂರಿಯನ್ನು ಮಗುವನ್ನೆತ್ತಿಕೊಂಡಂತೆ ಎತ್ತಿಕೊಂಡಿದ್ದನು. ಪುಷ್ಯಮಾಸದ ಹುಣ್ಣಿಮೆ ಹತ್ತಿರವಿತ್ತು. ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಚಿಕ್ಕಲ್ಲೂರಿನ ಜಾತ್ರೆಗೆ ಹೊರಟವನು ಆತ.

ಉಪದೇಶಿಯ ಮಗನಾದ ನಾನು, ದೊರೆತ ಅವಕಾಶವನ್ನು ಬಿಡುವವನಲ್ಲ. ಒಂದು ಗಂಟೆಗೆ ಕಡಮೆಯಿಲ್ಲದಷ್ಟು ಕಾಲ ಸೃಷ್ಟಿಯಿಂದ ಹಿಡಿದು ಶಿಲುಬೆಯವರೆಗೆ ಅವನಿಗೆ ಹೇಳಿದೆನು; ಮಂಟೇಸ್ವಾಮಿಯ ಲಾಂಛನವಾದ ಕಂಡಾಯವೂ ವಿಭೂತಿಯಾದ ಧೂಳತವೂ ಏಕೆ ನಿರರ್ಥಕವೆಂಬುದನ್ನೂ ಸೇರಿಸಿಯೇ ಹೇಳಿದೆನೆಂದು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಆ ಮುದುಕನಾದರೋ, ಅಜ್ಜಿಯ ಕಥೆ ಕೇಳುವ ಮಗುವಿನಂತೆ, ನನ್ನ ಒಂದೊಂದು ವಾಕ್ಯ ಮುಗಿದಾಗಲೂ ‘ಹೂಂ’ ಎನ್ನುತ್ತಿದ್ದನು. ನಾನು ಮುಗಿಸಿದೆ. ಆತ ಎಲೆಯಡಿಕೆಯನ್ನು ಉಗುಳಿ ಬಂದು, ಬಾಯೊರಸಿಕೊಂಡು ಹೇಳಿದನು: “ನಿಮ್ದು ಮುಗೀತಾ ಬುದ್ಧಿ? ಚೆಂದಾಗದ. ಈಗ ನಮ್ದೂ ಒಂದ್ ಕತ ಅದ. ಹೂಂ ಅಂತೀರಾ?”

ಅಷ್ಟರಲ್ಲಿ ನನ್ನ ಗಾಡಿ ಬಂದಿತು. ಬಾರದಿದ್ದರೂ ನಾನು ಹೂಂ ಎನ್ನುತ್ತಿರಲಿಲ್ಲ. ಅಂದಿಗೆ ಹಿಂದಿನ ಭಾನುವಾರವಷ್ಟೇ ತನ್ನ ನೀತಿಯನ್ನು ದೇವರ ಮುಂದೆ ಕೊಚ್ಚಿಕೊಂಡ ಫರಿಸಾಯನ ಮತ್ತು ಎದೆ ಬಡಿದುಕೊಂಡ ಸುಂಕದವನ ಸಾಮ್ಯವನ್ನು ಕುರಿತು ಪ್ರಸಂಗ ಮಾಡಿ, ಹಿರಿಯರಿಂದ ಬೆನ್ನು ತಟ್ಟಿಸಿಕೊಂಡಿದ್ದವನು ನಾನು.

ಕನ್ನಡ ಕ್ರೈಸ್ತರ ಆಡುನುಡಿಯಲ್ಲಿ ‘ಸ್ವನೀತಿ’ ಎಂದೊಂದು ಪದವಿದೆ. ಹೊರಗಿನವರಿಗೆ ಇದೊಂದು ಸದ್ಗುಣದ ಹೆಸರಿನಂತೆ ಕೇಳಿಸಬಹುದು; ನಮ್ಮಲ್ಲಿ ಅದು ಬೈಗುಳ. ತನ್ನ ನೀತಿಯನ್ನು ತಾನೇ ತೂಗಿ, ತಕ್ಕಡಿಯನ್ನೂ ತಾನೇ ಹಿಡಿದು, ಲೆಕ್ಕವನ್ನು ದೇವರಿಗೆ ಒಪ್ಪಿಸುವವನ ರೋಗಕ್ಕೆ ಆ ಹೆಸರು. ಈ ರೋಗಕ್ಕೆ ಲಕ್ಷಣಗಳು ಹಲವಿದ್ದರೂ, ಎಲ್ಲಕ್ಕಿಂತ ಮೊದಲು ಕೆಡುವ ಇಂದ್ರಿಯವು ಕಿವಿಯೆಂಬುದು ನನ್ನ ಅನುಭವ. ನಾಲಗೆ ಆಮೇಲೆ ಕೆಡುತ್ತದೆ. ನಮ್ಮ ಹಳ್ಳಿಗಳಲ್ಲಿ ಕಥೆ ಕೇಳುವವನು ಹೂಂಗುಟ್ಟಲೇಬೇಕು. ಹೂಂಗುಟ್ಟುವವನಿಲ್ಲದಿದ್ದರೆ ಹೇಳುವವನು ಕಥೆಯನ್ನು ಮುಂದುವರಿಸನು. ಆದರೆ ಹೂಂಗುಟ್ಟಿದವನು ಕಥೆಯಲ್ಲಿಯ ರಾಕ್ಷಸನನ್ನು ಒಪ್ಪಿಕೊಂಡನೆಂದು ಯಾರೂ ಭಾವಿಸುವುದಿಲ್ಲ. ನೀನು ಹೇಳುತ್ತಿರುವೆ, ನಾನು ಇಲ್ಲಿಯೇ ಇರುವೆ ಎಂಬಷ್ಟೇ ಅದರರ್ಥ. ಈ ಸಣ್ಣ ಸಂಗತಿಯನ್ನು ಮರೆತು, ಹೂಂ ಎಂದೊಡನೆ ತನ್ನ ನಂಬಿಕೆಯ ಗಡಿಕಲ್ಲು ಕಿತ್ತುಹೋದೀತೆಂದು ಹೆದರುವವನೇ ಸ್ವನೀತಿವಂತನು.

ಮೈಸೂರು ಸೀಮೆಗೆ ಬಂದ ಪಾದ್ರಿಗಳ ಪೈಕಿ ಈ ಹೆದರಿಕೆಯನ್ನು ಅರ್ಧ ಗೆದ್ದು ಅರ್ಧ ಸೋತವರೆಂದು ನಾನು ಎಣಿಸುವುದು ಅಬ್ಬೆ ದುಬಾಯ್ ಅವರನ್ನು. ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹೊತ್ತಿದ್ದ 1792ರಲ್ಲಿ ದೇಶ ಬಿಟ್ಟು ಹೊರಟ ಈ ಪಾದ್ರಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ, ಟೀಪುವಿನ ಕಾಲದಲ್ಲಿ ಚೆದರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸುವ ಸಲುವಾಗಿ ಮೈಸೂರಿಗೆ ಬಂದು, ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಈ ನಾಡಿನಲ್ಲಿಯೇ ಕಳೆದರು. ದೇಶೀಯರ ಉಡುಗೆಯನ್ನುಟ್ಟು, ಮಾಂಸಾಹಾರವನ್ನು ಬಿಟ್ಟು, ಊರಿಂದೂರಿಗೆ ತಿರುಗುತ್ತಿದ್ದ ಇವರನ್ನು ಜನ ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರಂತೆ. ಹಾಸನದ ಕಡೆಯ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಸಿಡುಬಿನ ದಾಕು ಹಾಕಿಸುವ ಕೆಲಸದಲ್ಲಿಯೂ ಓಡಾಡಿದರು. ಜನರ ಆಚಾರವಿಚಾರಗಳನ್ನು ಕುರಿತು ಅವರು ಬರೆದಿಟ್ಟಿದ್ದ ಹಸ್ತಪ್ರತಿಯನ್ನು, ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಶಿಫಾರಸಿನ ಮೇಲೆ, ಕಂಪೆನಿ ಸರ್ಕಾರವು 1807ರಲ್ಲಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. (ಆ ಗ್ರಂಥದ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಕೇರ್ದೂ ಎಂಬ ಜೆಸ್ವಿತ್ ಪಾದ್ರಿಯ ಬರೆಹವೇ ಮೂಲವೆಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮುರ್ ಅವರು 1987ರಲ್ಲಿ ತೋರಿಸಿಕೊಟ್ಟರು. ಕೇಳಿ ಬರೆದವನೆಂದು ಒಂದೂಮುಕ್ಕಾಲು ಶತಮಾನ ಹೆಸರು ಪಡೆದವನ ಕಿವಿಗಳಲ್ಲಿ ಒಂದಾದರೂ ಎರವಲಿನದೆಂಬುದು ನಗೆಯ ಮಾತೇ ಸರಿ.)

ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು 1823ರಲ್ಲಿ ಅವರು ಈ ದೇಶವನ್ನು ಬಿಟ್ಟುಹೋದ ಹೊತ್ತಿಗೆ ಪ್ರಕಟವಾದ ಪತ್ರಗಳ ಸಂಪುಟ. ಇಷ್ಟು ದೀರ್ಘಕಾಲದ ಸೇವೆಯಲ್ಲಿ, ದೇಶೀಯ ಪಾದ್ರಿಯೊಬ್ಬರ ನೆರವನ್ನೂ ಸೇರಿಸಿಕೊಂಡು, ತಾವು ಮತಕ್ಕೆ ತಂದವರ ಸಂಖ್ಯೆ ಇನ್ನೂರು ಮುನ್ನೂರರ ನಡುವೆ ನಿಲ್ಲುವುದೆಂದೂ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತೆಂದೂ ಅಲ್ಲಿ ಅವರು ಒಪ್ಪಿಕೊಂಡರು. ವರದಿಗಳಲ್ಲಿ ಆತ್ಮಗಳನ್ನು ಎಣಿಸಿ ಹಣ ತರಿಸುತ್ತಿದ್ದ ಕಾಲದಲ್ಲಿ, ನಾನು ಸೋತೆನೆಂದು ಅಚ್ಚಿನಲ್ಲಿ ಹೇಳುವುದಕ್ಕೆ ಬೇಕಾದ ಧೈರ್ಯ ಸಾಮಾನ್ಯವಾದುದಲ್ಲ. ಅದೇ ಸಂಪುಟದಲ್ಲಿ, ಹಿಂದೂ ಸ್ತ್ರೀಪುರುಷರ ಮೇಲೆ ಪ್ರಾಟೆಸ್ಟಂಟ್ ಪಾದ್ರಿಯೊಬ್ಬರು ಮಾಡಿದ್ದ ಕಟುವಾದ ಆಕ್ಷೇಪಣೆಗೆ ಉತ್ತರವಾಗಿ, ನೆರೆಯವರ ಪರವಾಗಿ ದುಬಾಯ್ ಅವರು ನಿಂತು ವಾದಿಸಿಯೂ ಇದ್ದಾರೆ. ಇಷ್ಟೆಲ್ಲ ಇದ್ದರೂ, ತಮ್ಮ ಸೋಲಿಗೆ ಕಾರಣವನ್ನು ಹುಡುಕುವ ಘಳಿಗೆ ಬಂದಾಗ, ಅವರ ಬೆರಳು ತಿರುಗಿದ್ದು ಕೇಳಿದವರ ಹಠಮಾರಿತನದ ಕಡೆಗೆ, ಜಾತಿಯ ಕಟ್ಟುಗಳ ಕಡೆಗೆ, ಬ್ರಾಹ್ಮಣರ ಕಡೆಗೆ. ಹೇಳಿದವನ ಕಡೆಗೆ ಅದು ತಿರುಗಲಿಲ್ಲ. ಸ್ವನೀತಿಯು ಜಯದಲ್ಲಿ ಮಾತ್ರವೇ ಮೆರೆಯುವುದೆಂದು ತಿಳಿದವರು ಈ ಪತ್ರಗಳನ್ನು ಓದಬೇಕು. ನಿರಾಶೆಯಲ್ಲಿಯೂ ಅದು ತನ್ನ ಪೀಠವನ್ನು ಬಿಟ್ಟೇಳುವುದಿಲ್ಲ. ಮರುವರ್ಷವೇ ಹೆನ್ರಿ ಟೌನ್ಲಿ ಮತ್ತು ಮದರಾಸಿನ ಜೇಮ್ಸ್ ಹೌ ಎಂಬ ಪ್ರಾಟೆಸ್ಟಂಟರು ಬೇರೆ ಬೇರೆಯಾಗಿ ಖಂಡನಗ್ರಂಥಗಳನ್ನು ಹೊರತಂದರು. ಹೀಗೆ ಮೈಸೂರಿನ ರೈತನ ಆತ್ಮವನ್ನು ಕುರಿತು ಮೂರು ಪುಸ್ತಕಗಳಾದವು. ಆ ಮೂರರಲ್ಲಿಯೂ ಮಾತನಾಡಿದವರು ಪಾದ್ರಿಗಳೇ.

ಕೇಳುವುದರಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಅದೇ ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಆಡಂ ಎಂಬ ಬ್ಯಾಪ್ಟಿಸ್ಟ್ ಪಾದ್ರಿ, ರಾಮಮೋಹನ ರಾಯರೊಡನೆ ಕುಳಿತು ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದಾಗ, ಯೋಹಾನನ ಗ್ರಂಥದ ಒಂದು ಚಿಕ್ಕ ಅವ್ಯಯಪದದ ಅರ್ಥವನ್ನು ಕುರಿತು ಹುಟ್ಟಿದ ಚರ್ಚೆ ಬೆಳೆದು ಬೆಳೆದು, ಕೊನೆಗೆ 1821ರಲ್ಲಿ ಅವರು ತ್ರಿತ್ವದ ಸಿದ್ಧಾಂತವನ್ನೇ ಬಿಟ್ಟು ರಾಯರ ಪಕ್ಷಕ್ಕೆ ಬಂದರು. ಹಳೆಯ ಸಂಗಡಿಗರು ಅವರನ್ನು ‘ಎರಡನೆಯ ಸಲ ಬಿದ್ದ ಆದಾಮ’ನೆಂದು ಹಾಸ್ಯಮಾಡಿದರು. ಹೂಂಗುಟ್ಟುತ್ತ ಹೂಂಗುಟ್ಟುತ್ತ ಒಪ್ಪಿಯೇಬಿಟ್ಟವರು ಹೀಗೆ ಉಂಟು. ನನ್ನ ತಂದೆಯಂಥ ಉಪದೇಶಿಗಳ ಭಯಕ್ಕೆ ಆಧಾರವಿಲ್ಲದಿಲ್ಲ. ಆದರೆ ಸುಳ್ಳಾಡದೆ ಕೇಳಲು ಕುಳಿತವನಿಗೆ, ಎದುರಿನವನು ಗೆಲ್ಲಬಹುದೆಂಬ ಸಾಧ್ಯತೆಯನ್ನು ಮೊದಲೇ ತೆಗೆದಿಟ್ಟು ಕುಳಿತುಕೊಳ್ಳುವ ಹಕ್ಕಿಲ್ಲವಷ್ಟೆ.

ಫರ್ಡಿನೆಂಡ್ ಕಿಟ್ಟೆಲ್ ಅವರ ವಿಷಯ ಬೇರೆ. 1853ರಲ್ಲಿ ಇಪ್ಪತ್ತೊಂದು ವರ್ಷದ ಹುಡುಗನಾಗಿ ಬಾಸೆಲ್ ಮಿಶನ್ನಿನ ಮೂಲಕ ಕನ್ನಡನಾಡಿಗೆ ಬಂದ ಅವರು, ಕನ್ನಡಿಗರಿಗಾಗಿ ತಾವು ಕನ್ನಡಿಗರೇ ಆಗಬೇಕೆಂದು ಹೊರಟವರು; ಹಳ್ಳಿಹಳ್ಳಿಗೆ ಕಾಲ್ನಡಿಗೆಯಲ್ಲಿ ತಿರುಗುವ ಈ ಧೋರಣೆ ಅವರ ಸ್ವಂತ ಬಳಗದವರಿಗೇ ರುಚಿಸದೆ, ಹಿರಿಯರ ಅಸಮಾಧಾನಕ್ಕೂ ಅವರು ಗುರಿಯಾಗಬೇಕಾಯಿತು. ಅವರೇನೂ ವಾದವನ್ನು ಬಿಟ್ಟವರಲ್ಲ. ವೇದದ ಯಜ್ಞವಿಚಾರವನ್ನೆತ್ತಿಕೊಂಡು ಕ್ರಿಸ್ತನ ಬಲಿದಾನವನ್ನು ಸಮರ್ಥಿಸುವ ಪುಸ್ತಿಕೆಯನ್ನು ಬರೆದವರೇ. ಆದರೆ ಪರಮತವನ್ನು ಖಂಡಿಸುವುದಕ್ಕೆಂದು ಅದರ ಮನೆಯೊಳಗೆ ಹೊಕ್ಕವರು, ಅಲ್ಲಿಯ ಹಾಡುಹಸೆಗಳಿಗೆ ಮನಸೋತು, ಒಂದು ಆಯುಷ್ಯವನ್ನೇ ಅಲ್ಲಿ ಕಳೆದರು. 1872ರಲ್ಲಿ ಜೈನನಾದ ಕೇಶಿರಾಜನ ಶಬ್ದಮಣಿದರ್ಪಣ. 1875ರಲ್ಲಿ ನಾಗವರ್ಮನ ಛಂದಸ್ಸು. 1894ರಲ್ಲಿ ಮಂಗಳೂರಿನಿಂದ ಸಾವಿರದೇಳುನೂರಕ್ಕೂ ಹೆಚ್ಚು ಪುಟಗಳ ಆ ನಿಘಂಟು.

ಆ ನಿಘಂಟನ್ನು ಯಾವ ಪುಟದಲ್ಲಾದರೂ ತೆರೆದು ನೋಡಿರಿ. ಪದದ ಅರ್ಥಕ್ಕೆ ಸಾಕ್ಷಿಯಾಗಿ ಬರುವುದು ಬೈಬಲ್ಲಿನ ವಾಕ್ಯವಲ್ಲ; ಬಸವಪುರಾಣದ್ದು, ಜೈಮಿನಿಯದ್ದು, ದಾಸರ ಪದಗಳದ್ದು, ಕಟ್ಟಕಡೆಗೆ ಹೊಲಗದ್ದೆಗಳಲ್ಲಿ ಕೇಳಿದ ಗಾದೆಗಳು. ಯಾವ ದೇವರುಗಳನ್ನು ಸಂಬಳ ಪಡೆದು ಅಲ್ಲಗಳೆಯಬೇಕಾಗಿತ್ತೋ ಅದೇ ದೇವರುಗಳ ಸ್ತುತಿಯನ್ನು, ಕಾಗುಣಿತ ತಪ್ಪದಂತೆ, ದೀಪದ ಮುಂದೆ ಕುಳಿತು ನಕಲು ಮಾಡಿಕೊಳ್ಳುತ್ತಿದ್ದ ಜರ್ಮನ್ ಪಾದ್ರಿಯ ಚಿತ್ರವನ್ನು ನಾನು ಆಗಾಗ ಕಣ್ಣಮುಂದೆ ತಂದುಕೊಳ್ಳುವುದುಂಟು. ಪದವೊಂದರ ಅರ್ಥವನ್ನು ಕೇಳಲು ಹೋದವನು ಪ್ರಸಂಗ ಮಾಡಲಾರನು. ಈ ಮಾತಿಗೆ ನೀವು ಏನೆನ್ನುತ್ತೀರಿ, ಇದನ್ನು ಎಲ್ಲಿ ಬಳಸುತ್ತೀರಿ ಎಂದು ಹಳ್ಳಿಯವನನ್ನು ಕೇಳಿ, ಬಾಯಿಮುಚ್ಚಿ ಕಾಯಲೇಬೇಕು. ನಾನು ಬದನಗುಪ್ಪೆಯಲ್ಲಿ ಮಾಡಲಾರದೆ ಹೋದ ಕೆಲಸವನ್ನು ಅವರು ನಲವತ್ತು ವರ್ಷ ಮಾಡಿದರು. ಅವರ ಪ್ರಸಂಗಗಳನ್ನು ಇಂದು ನೆನೆಯುವವರಿಲ್ಲ.

ಕ್ರೈಸ್ತರು ಕ್ರೈಸ್ತರನ್ನೇ ಕೇಳಿಸಿಕೊಳ್ಳುವುದು ಇದಕ್ಕಿಂತ ಸುಲಭವೆಂದು ಯಾರೂ ತಿಳಿಯದಿರಲಿ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಂದು ಹಂಚಿಹೋಗಿದ್ದ ದಕ್ಷಿಣದ ಸಭೆಗಳು ಒಂದಾಗಬೇಕೆಂಬ ಮಾತು ತರಂಗಂಬಾಡಿಯಲ್ಲಿ 1919ರಲ್ಲಿ ಎದ್ದು, ಬಿಷಪ್ಪನು ಬೇಕೆ ಬೇಡವೆ, ಯಾರ ಕೈಯಿಂದ ದೀಕ್ಷೆ ಪಡೆದವನು ರೊಟ್ಟಿ ಮುರಿಯಬಹುದು ಎಂಬ ಜಿಜ್ಞಾಸೆಗಳಲ್ಲಿ ಇಪ್ಪತ್ತೆಂಟು ವರ್ಷ ಕಳೆದು, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಅಷ್ಟರೊಳಗೆ ದೇಶಕ್ಕೇ ಸ್ವಾತಂತ್ರ್ಯ ಬಂದುಬಿಟ್ಟಿತ್ತು! ಕವಿ ಟಿ. ಎಸ್. ಎಲಿಯಟ್ಟರಂಥವರೂ ಲಂಡನ್ನಿನಲ್ಲಿ ಕುಳಿತು ಈ ಐಕ್ಯವನ್ನು ವಿರೋಧಿಸಿ 1943ರಲ್ಲಿ ಒಂದು ಪುಸ್ತಿಕೆಯನ್ನು ಬರೆದರೆಂದರೆ ಇಂದಿನವರು ನಂಬಲಾರರು.

ಇನ್ನು ನಮ್ಮ ಕಾಲದವರಲ್ಲಿ ಈ ಕೇಳಿಸಿಕೊಳ್ಳುವ ಕೆಲಸಕ್ಕೆ ಬಾಳನ್ನೇ ಮುಡಿಪಿಟ್ಟವರೆಂದರೆ ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು. ಮಂಗಳೂರಿನ ಕರ್ನಾಟಕ ದೇವಶಾಸ್ತ್ರ ವಿದ್ಯಾಲಯದ ಪ್ರಾಂಶುಪಾಲರಾಗಿದ್ದ ಈ ಕನ್ನಡಿಗರು, 1971ರಿಂದ ಜಿನೀವಾದಲ್ಲಿ ಸಭೆಗಳ ಜಾಗತಿಕ ಮಂಡಳಿಯ ಅನ್ಯಧರ್ಮೀಯರೊಡನೆ ಸಂವಾದದ ವಿಭಾಗವನ್ನು ಕಟ್ಟಿ ನಡೆಯಿಸಿದರು. 1975ರಲ್ಲಿ ನೈರೋಬಿಯಲ್ಲಿ ಕೂಡಿದ ಮಹಾಸಭೆಗೆ ಮೊದಲ ಬಾರಿ ಇತರ ಧರ್ಮದವರು ಅತಿಥಿಗಳಾಗಿ ಬಂದರು. ಆಗ ಎದ್ದ ಗದ್ದಲವು ಸ್ವಾರಸ್ಯವಾದುದು: ಅತಿಥಿಗಳು ಏನು ಹೇಳಿದರೆಂಬುದಕ್ಕಿಂತ, ಅವರನ್ನು ಕೇಳಿಸಿಕೊಂಡದ್ದರಿಂದ ಕ್ರೈಸ್ತಧರ್ಮವು ಕಲಬೆರಕೆಯಾಗುವುದೆ ಎಂಬುದೇ ದೊಡ್ಡ ಪ್ರಶ್ನೆಯಾಗಿ, ತಾವು ಯಾವ ಬಗೆಯ ಬೆರಕೆಗೂ ಒಪ್ಪುವವರಲ್ಲವೆಂದು ವರದಿಗೆ ಒಂದು ಮುನ್ನುಡಿಯನ್ನು ಸೇರಿಸುವವರೆಗೆ ಪಶ್ಚಿಮದ ಪ್ರತಿನಿಧಿಗಳಲ್ಲಿ ಹಲವರಿಗೆ ಸಮಾಧಾನವಾಗಲಿಲ್ಲ. ಹೂಂ ಎಂದರೆ ಒಪ್ಪಿದಂತೆಯೆ, ಅದೇ ಪ್ರಶ್ನೆ. ಹಿಂದೂ ನೆರೆಯವರ ನಡುವೆ ಬೆಳೆದ ಕಾರ್ಕಳದ ಹುಡುಗನಿಗೆ ಅದು ಪ್ರಶ್ನೆಯೇ ಆಗಿರಲಾರದೆಂದು ನನ್ನ ಊಹೆ. ಸಮರ್ಥರ ದೇವಶಾಸ್ತ್ರವೆಲ್ಲವನ್ನೂ ನಾನು ಒಪ್ಪುವುದಿಲ್ಲ. ಶಿಲುಬೆಯ ಮೊನೆಯನ್ನು ಅವರು ತುಸು ಮೊಂಡು ಮಾಡಿದರೆಂದೇ ನನ್ನ ಎಣಿಕೆ. ಆದರೆ ಒಪ್ಪದವನನ್ನು ಹೇಗೆ ಓದಬೇಕೆಂಬುದನ್ನು ನಾನು ಕಲಿತದ್ದು ಅವರಿಂದಲೇ.

ಕಲಿಯದವರೂ ಇದ್ದರು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ನಾಡಿನ ಇತರೆಡೆಗಳಲ್ಲೂ ಚರ್ಚುಗಳ ಮೇಲೆ ದಾಳಿಗಳಾದಾಗ, ಹಿಂದೂ ದೇವತೆಗಳನ್ನು ಹೀನೈಸಿದ ಪುಸ್ತಕವೊಂದರ ಮಾತು ಮೇಲೆದ್ದಿತು. ಪುಸ್ತಕಕ್ಕೆ ಕಲ್ಲು ಉತ್ತರವಲ್ಲ. ಆ ಪುಸ್ತಕಕ್ಕೂ ತಮಗೂ ಸಂಬಂಧವಿಲ್ಲದ ಕ್ರೈಸ್ತಸಂನ್ಯಾಸಿನಿಯರ ಪ್ರಾರ್ಥನಾಮಂದಿರದ ಮೇಲೂ ಏಟು ಬಿದ್ದಿತೆಂಬುದನ್ನು ಮರೆಯಲಾಗದು. ಅಷ್ಟನ್ನು ಹೇಳಿಯೂ, ಅಂಥ ಮಾತುಗಳನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಹೆಗಲ ಚೀಲವೇ.

ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ಅದನ್ನು ನಮ್ಮ ಅಯ್ಯನವರುಗಳು ವೇದಿಕೆಯ ಮೇಲೆ ಬೇಗಬೇಗನೆ ದಾಟಿಬಿಡುವುದು ವಾಡಿಕೆ. ಮಾರ್ಕನು ಬರೆದ ಏಳನೆಯ ಅಧ್ಯಾಯದಲ್ಲಿ, ಸುರೊಪೊಯಿನಿಕೆಯ ಅನ್ಯಜಾತಿಯ ಹೆಂಗಸೊಬ್ಬಳು ದೆವ್ವ ಹಿಡಿದ ಮಗಳಿಗಾಗಿ ಯೇಸುವಿನ ಕಾಲಿಗೆ ಬೀಳುತ್ತಾಳೆ. ಮಕ್ಕಳ ರೊಟ್ಟಿಯನ್ನು ನಾಯಿಗಳಿಗೆ ಹಾಕುವುದು ಸರಿಯಲ್ಲವೆಂದು ಆತ ಹೇಳುತ್ತಾನೆ. ಕಠಿನವಾದ ಮಾತು, ಎಷ್ಟು ವ್ಯಾಖ್ಯಾನ ಬರೆದರೂ ಮೃದುವಾಗದು. ಆಕೆ ಅಳುತ್ತ ಹಿಂದಿರುಗುವುದಿಲ್ಲ, ಬೈಯುವುದೂ ಇಲ್ಲ. ಮೇಜಿನ ಕೆಳಗೆ ಬಿದ್ದ ಚೂರುಗಳನ್ನು ನಾಯಿಗಳೂ ತಿನ್ನುತ್ತವಲ್ಲಾ ಎಂದು, ಆತನ ಉಪಮೆಯನ್ನೇ ಹಿಡಿದು ಆತನಿಗೆ ತಿರುಗಿಸುತ್ತಾಳೆ. ಫರಿಸಾಯರನ್ನೂ ಶಾಸ್ತ್ರಿಗಳನ್ನೂ ವಾದದಲ್ಲಿ ಒಮ್ಮೆಯೂ ಗೆಲ್ಲಗೊಡದಿದ್ದವನು, ಇವಳ ಮಾತಿಗೆ ಸೋಲುತ್ತಾನೆ; ಈ ಮಾತನ್ನಾಡಿದ್ದರಿಂದಲೇ ಮಗಳು ಗುಣವಾದಳು ಹೋಗು ಎನ್ನುತ್ತಾನೆ. ದೇವಕುಮಾರನೆಂದು ನಾವು ಆರಾಧಿಸುವವನು ಅನ್ಯಳೊಬ್ಬಳಿಗೆ ಕಿವಿಗೊಟ್ಟು ತನ್ನ ಮಾತನ್ನು ಹಿಂತೆಗೆದುಕೊಂಡ ಈ ಸ್ಥಳವನ್ನು ನಾನು ಇಪ್ಪತ್ತೆರಡರಲ್ಲಿಯೂ ಓದಿದ್ದೆ. ಓದಿದ್ದೆ ಅಷ್ಟೆ.

ಮೂವತ್ತು ವರ್ಷಗಳಾದಮೇಲೆ ಮತ್ತೆ ಬದನಗುಪ್ಪೆಗೆ ಹೋಗುವ ಸಂದರ್ಭ ಬಂದಿತು. ಪರಿಚಿತರ ಮನೆಯಲ್ಲಿ ಹರಕೆ. ರಾತ್ರಿಯೆಲ್ಲ ಜಗಲಿಯ ಮೇಲೆ ನೀಲಗಾರರ ಮೇಳ. ಗ್ಯಾಸ್‌ಲೈಟಿನ ಕೆಳಗೆ ಮುಖ್ಯಗಾಯಕನು ತಂಬೂರಿ ಮೀಟಿ ಮಂಟೇಸ್ವಾಮಿಯನ್ನು ಕಲ್ಯಾಣದ ಬಾಗಿಲಿಗೆ ತಂದನು. ಕೊಳಕು ಮೈ, ಹರಕು ಬಟ್ಟೆ, ಹತ್ತಿರ ನಿಲ್ಲಲಾಗದ ನಾತ. ಲಕ್ಷಾಂತರ ಜಂಗಮರಿಗೆ ದಿನವೂ ದಾಸೋಹ ನಡೆಯುವ ಪಟ್ಟಣದ ಬಾಗಿಲಲ್ಲಿ, ಶರಣರೆನಿಸಿಕೊಂಡವರು ಮೂಗು ಮುಚ್ಚಿಕೊಂಡು ಅವನನ್ನು ಗದರುತ್ತಾರೆ, ಓಡಿಹೋಗುತ್ತಾರೆ. ಬಂದವನು ಯಾರೆಂದು ತಿಳಿಯುವುದಕ್ಕೆ ಬಸವಣ್ಣನೇ ಎದ್ದು ಬರಬೇಕಾಗುತ್ತದೆ. ಅಷ್ಟು ದೊಡ್ಡ ಭಕ್ತಿಯ ಊರಿಗೆ ಅಷ್ಟು ದೊಡ್ಡ ಪರೀಕ್ಷೆಯನ್ನು ಒಡ್ಡಿದವನು ಹೊರಗೆ ನಿಂತ ಭಿಕ್ಷುಕ. ಹಿಮ್ಮೇಳದವರು ಸೊಲ್ಲು ಹಿಡಿಯುವಾಗ, ಕೇಳುತ್ತಿದ್ದ ಹೆಂಗಸರು ಸೆರಗನ್ನು ಮೂಗಿಗೆ ಒತ್ತಿ ನಗುತ್ತಿದ್ದರು. ನಾನು ಮಾತ್ರ ನಗಲಾರದೆ ಕುಳಿತಿದ್ದೆ. ಸ್ಟೇಷನ್ನಿನ ಮುದುಕ ಹೇಳಬಯಸಿದ್ದ ಕಥೆ ಇದೋ, ಇದರ ಮುಂದಿನ ಸಾಲೋ, ಇನ್ನಾವುದೋ, ತಿಳಿಯುವ ಬಗೆಯಿಲ್ಲ. ಆದರೆ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತವನ ಹೆಗಲಲ್ಲಿ ಒಂದು ಚೀಲವಿದ್ದುದನ್ನು ನಾನು ಸ್ಪಷ್ಟವಾಗಿ ಕಂಡೆ.

ಬೆಳಗಿನ ಜಾವ ಮೇಳ ನಿಂತಿತು. ಬೆಲ್ಲದ ಕಾಫಿಯ ಲೋಟ ಹಿಡಿದುಕೊಂಡು ಗಾಯಕನು ನನ್ನ ಪಕ್ಕ ಬಂದು ಕುಳಿತನು. ನಾನು ಯಾವ ಮತದವನೆಂದು ಮನೆಯವರು ಆಗಲೇ ಹೇಳಿದ್ದರು.

“ರಾತ್ರಿಯೆಲ್ಲಾ ಹೂಂಗುಟ್ಕಂಡೇ ಕೂತಿದ್ರಿ ಸ್ವಾಮಿ,” ಎಂದನು. “ನಿಮ್ಮಲ್ಲೂ ಕತ ಇದ್ದೇ ಇರ್ತದಲ್ವ. ಒಂದ್ ಹೇಳಿ ಮತ್ತ.”

ಸೃಷ್ಟಿಯೂ ಬೇಡ, ಶಿಲುಬೆಯೂ ಬೇಡವೆನ್ನಿಸಿತು. “ಒಂದೂರಲ್ಲಿ ಒಬ್ಬ ಹೆಂಗಸಿದ್ದಳು,” ಎಂದು ತೊಡಗಿದೆ. “ಅವಳ ಮಗಳಿಗೆ ಮೈಯಲ್ಲಿ ಸರಿಯಿರಲಿಲ್ಲ.”

ಆತ ಲೋಟವನ್ನು ಜಗಲಿಯ ಅಂಚಿಗೆ ಸರಿಸಿ, ಕಾಲು ಮಡಚಿ ನನ್ನ ಕಡೆ ತಿರುಗಿ ಕುಳಿತು, “ಹೂಂ” ಎಂದನು.